14ರಿಂದ 16 ಇಂಚಿಗೆ ಹೋದರೆ ಮೈಲೇಜ್ ನಿಜಕ್ಕೂ ಎಷ್ಟು ಬೀಳುತ್ತೆ?

ನಿಮ್ಮ ಪ್ರಶ್ನೆ ಇಷ್ಟು: ಸ್ವಿಫ್ಟ್ ವಿಎಕ್ಸ್‌ಐ ಇದೆ, ಕಂಪನಿಯಿಂದ ಬಂದ 165/80 ಆರ್14 ಟೈರ್ ಸವೆದಿವೆ, ಈಗ 16 ಇಂಚಿನ ಅಲಾಯ್ ಚಕ್ರದ ಜೊತೆ 205/55 ಟೈರ್ ಹಾಕಿಸುವ ಆಸೆ. ಗೆಳೆಯರು ಲೀಟರಿಗೆ ಮೂರು ಕಿ.ಮೀ. ಹೋಯಿತು ಅಂದುಕೋ ಅಂತಾರೆ, ಅಂಗಡಿಯವರು ಏನೂ ಆಗಲ್ಲ ಸಾರ್ ಅಂತಾರೆ. ಯಾರ ಮಾತು ನಂಬಲಿ ಅಂತ ಕೇಳಿದ್ದೀರಿ.

ಇಬ್ಬರದ್ದೂ ಬೇಡ. ನಾನು ಇದೇ ಕಾರಿಗೆ ಇದೇ ಅಳತೆ ಹಾಕಿಸಿ, ಹತ್ತು ತಿಂಗಳು ಓಡಿಸಿ, ಆಮೇಲೆ ಬಿಚ್ಚಿಸಿದವನು. ಬಿಚ್ಚಿಸಿದ್ದಕ್ಕೆ ಮೈಲೇಜ್ ಒಂದೇ ಕಾರಣವಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಹಳೇ ಟೈರಿನಲ್ಲಿ ನನಗೆ 19 ಬರುತ್ತಿತ್ತು. ಹೊಸದು ಹಾಕಿಸಿ ಮೂರು ಟ್ಯಾಂಕ್ ಮುಗಿಸಿದ ಮೇಲೆ ಲೆಕ್ಕ ಹಾಕಿದರೆ 17.1. ಎರಡೂ ಸಲ ಒಂದೇ ಬಂಕು, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್, ಅರ್ಧ ಊರು ಅರ್ಧ ಹೈವೇ. ಹತ್ತಿರ ಹತ್ತಿರ ಎರಡು ಕಿ.ಮೀ. ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಆದರೆ ಒಂದು ವಿಷಯ ಮರೆತಿದ್ದೆ. ಪೆಟ್ರೋಲ್ ಎಷ್ಟು ಹೋಯಿತು ಅಂತ ಹೇಳುವುದು ಬಂಕಿನ ಮೀಟರ್, ಎಷ್ಟು ದೂರ ಹೋದೆವು ಅಂತ ಹೇಳುವುದು ಕಾರಿನ ಮೀಟರ್. ಕಾರಿನ ಮೀಟರ್ ದೂರವನ್ನು ಅಳೆಯುವುದಿಲ್ಲ, ಚಕ್ರ ಎಷ್ಟು ಸುತ್ತಿತು ಅನ್ನುವುದನ್ನು ಎಣಿಸಿ, ಒಂದು ಸುತ್ತಿಗೆ ಇಷ್ಟು ಅಂತ ಗುಣಿಸುತ್ತದೆ, ಅಷ್ಟೇ. ಚಕ್ರ ಬದಲಾಗಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಲೆಕ್ಕ ನೋಡಿ. 165/80 ಆರ್14 ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆ ಅದರ ಶೇ. 80 ಅಂದರೆ 132 ಮಿ.ಮೀ., ಒಳಗೆ 14 ಇಂಚಿನ ರಿಮ್, ಅಂದರೆ 355.6 ಮಿ.ಮೀ. ಒಟ್ಟು ಎತ್ತರ 355.6ಕ್ಕೆ ಎರಡು ಗೋಡೆ ಸೇರಿಸಿ ಸುಮಾರು 620 ಮಿ.ಮೀ. ನೀವು ಹೇಳುವ 205/55 ಆರ್16 ಇದೇ ರೀತಿ ಲೆಕ್ಕ ಹಾಕಿದರೆ 632 ಮಿ.ಮೀ. ಶೇ. 2ರಷ್ಟು ದೊಡ್ಡದು. ಅಂದರೆ ನೀವು ನಿಜವಾಗಿ 51 ಕಿ.ಮೀ. ಹೋದಾಗ ಮೀಟರ್ 50 ಅನ್ನುತ್ತದೆ.

ಇನ್ನೊಂದು ತಮಾಷೆ ಹಳೇ ಟೈರಿನಲ್ಲೇ ಇದೆ. ಹೊಸ ಟೈರಿನ ಮೈಮೇಲಿನ ಗೀರುಗಳು ಸುಮಾರು 8 ಮಿ.ಮೀ. ಆಳ ಇರುತ್ತವೆ. ಸವೆದು 2 ಮಿ.ಮೀ.ಗೆ ಬಂದಾಗ ಚಕ್ರದ ಎತ್ತರದಲ್ಲೇ 12 ಮಿ.ಮೀ. ಹೋಗಿರುತ್ತದೆ. ಸವೆದ ಟೈರು ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಹಾಕುತ್ತದೆ, ಮೀಟರ್ ಜಾಸ್ತಿ ತೋರಿಸುತ್ತದೆ, ನಮಗೆ ಮೈಲೇಜ್ ಚೆನ್ನಾಗಿ ಬರುತ್ತಿದೆ ಅನ್ನಿಸುತ್ತದೆ. ಜೊತೆಗೆ ಸವೆದ ಟೈರಿನಲ್ಲಿ ಬಾಗಿ ಬಳುಕುವ ರಬ್ಬರ್ ಕಡಿಮೆ, ಹಾಗಾಗಿ ಅದು ನಿಜಕ್ಕೂ ಸ್ವಲ್ಪ ಹಗುರವಾಗಿ ಉರುಳುತ್ತದೆ. ಅದೇ ಅಳತೆಯ ಹೊಸ ಟೈರ್ ಹಾಕಿಸಿದವರೂ ‘ಮೈಲೇಜ್ ಬಿತ್ತು’ ಅಂತ ಅಂಗಡಿಗೆ ವಾಪಸ್ ಬಂದು ಜಗಳ ತೆಗೆಯುವುದು ಇದೇ ಕಾರಣಕ್ಕೆ. (ಇದನ್ನು ಓದಿ ಸವೆದ ಟೈರನ್ನೇ ಮಳೆಗಾಲದಲ್ಲಿ ಓಡಿಸಬೇಡಿ, ದಯವಿಟ್ಟು.)

ನಾನು ಅದೃಷ್ಟಕ್ಕೆ ಹಳೇ ಟೈರ್ ಬಿಚ್ಚಿಸುವ ಮುಂಚೆ ಒಮ್ಮೆ ಕುಣಿಗಲ್ ದಾಟಿದ ಮೇಲೆ ಹೈವೇ ಕಿಲೋಮೀಟರ್ ಕಲ್ಲು ನೋಡಿಕೊಂಡು ಟ್ರಿಪ್ ಮೀಟರ್ ಸೊನ್ನೆ ಮಾಡಿದ್ದೆ. 50 ಕಲ್ಲಿಗೆ 50.5 ತೋರಿಸಿತ್ತು. ಹೊಸ ಟೈರಿನಲ್ಲಿ ಅದೇ 50 ಕಲ್ಲಿಗೆ 49. ತಿದ್ದಿ ಬರೆದರೆ ಹಳೆಯದು 18.8, ಹೊಸದು 17.4ರ ಚಿಲ್ಲರೆ. ಎರಡು ಕಿ.ಮೀ. ಅಂದುಕೊಂಡಿದ್ದರಲ್ಲಿ ಅರ್ಧ ಕಿ.ಮೀ. ಮೀಟರಿನ ಸುಳ್ಳು, ಉಳಿದ ಒಂದೂ ಕಾಲು ಒಂದೂವರೆ ನಿಜವಾದ ನಷ್ಟ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ನಾಲ್ಕು ಲೀಟರ್ ಹೆಚ್ಚು.

ಹಾಗಾದರೆ ಆ ನಿಜವಾದ ನಷ್ಟ ಎಲ್ಲಿಂದ ಬಂತು? ಎಲ್ಲರೂ ರಿಮ್ ಇಂಚಿನ ಮೇಲೆ ಹಾಕುತ್ತಾರೆ. ಇಂಚು ಪಾಪ, ಅದರದ್ದು ದೊಡ್ಡ ತಪ್ಪಿಲ್ಲ. ಬಿಎಂಡಬ್ಲ್ಯು ಐ3 ಅಂತ ಒಂದು ಚಿಕ್ಕ ಎಲೆಕ್ಟ್ರಿಕ್ ಕಾರು ಬಂದಿತ್ತು, ಅದಕ್ಕೆ 19 ಇಂಚಿನ ಚಕ್ರ! ಆದರೆ ಟೈರ್ 155/70 ಆರ್19. ಅಗಲ ನಿಮ್ಮ ಈಗಿನ ಟೈರಿಗಿಂತ ಕಡಿಮೆ. ಎತ್ತರದ, ಸಪೂರ ಚಕ್ರ ಹಗುರವಾಗಿ ಉರುಳುತ್ತದೆ, ಗಾಳಿಯನ್ನೂ ಕಡಿಮೆ ತಳ್ಳುತ್ತದೆ ಅಂತಲೇ ಹಾಗೆ ಮಾಡಿದ್ದು. ನಮ್ಮ ಎತ್ತಿನ ಗಾಡಿಯ ಚಕ್ರ ನೆನಪಿಸಿಕೊಳ್ಳಿ, ಅದನ್ನು ಮಾಡಿದ ಬಡಗಿಗೂ ಇದು ಗೊತ್ತಿತ್ತು.

ನಾವು ಮಾಡುವ ಅಪ್‌ಸೈಜ್ ಇದಕ್ಕೆ ಉಲ್ಟಾ. ಎತ್ತರ ಹೆಚ್ಚುಕಡಿಮೆ ಅಷ್ಟೇ, ಅಗಲ 165ರಿಂದ 205ಕ್ಕೆ. ಮುಂದಿನಿಂದ ಬರುವ ಗಾಳಿಗೆ ಅಡ್ಡ ನಿಲ್ಲುವ ರಬ್ಬರ್ ಹೆಚ್ಚಾಯಿತು. ಅಗಲವಾದರೆ ಉರುಳುವಾಗಿನ ಎಳೆತವೂ ಜಾಸ್ತಿ ಅಂತ ಕಣ್ಣುಮುಚ್ಚಿ ಹೇಳಲಾಗದು, ಅದು ರಬ್ಬರಿನ ಗುಣದ ಮೇಲೆ ನಿಂತಿದೆ. ಟೈರು ಒಂದೊಂದು ಸುತ್ತಿಗೂ ನೆಲ ಮುಟ್ಟುವಲ್ಲಿ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಬಾಗಿದಾಗ ಕೊಟ್ಟ ಶಕ್ತಿಯೆಲ್ಲ ವಾಪಸ್ ಬರುವುದಿಲ್ಲ, ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ರಸ್ತೆಯನ್ನು ಗಟ್ಟಿ ಹಿಡಿಯಲೆಂದು ಮಾಡಿದ ಮೆತ್ತನೆ ರಬ್ಬರಿನಲ್ಲಿ ಈ ನಷ್ಟ ಹೆಚ್ಚು, ಮತ್ತು 16 ಇಂಚಿನಲ್ಲಿ ಅಂಗಡಿಯವರು ತೋರಿಸುವ ಟೈರುಗಳಲ್ಲಿ ಅಂಥವೇ ಜಾಸ್ತಿ. ಕಂಪನಿಯವರು ಮಾತ್ರ ಕಾರಿನ ಜೊತೆ ಕೊಡುವ ಟೈರನ್ನು ಮೈಲೇಜ್ ಟೆಸ್ಟ್ ತಲೆಯಲ್ಲಿಟ್ಟುಕೊಂಡೇ ಆರಿಸಿರುತ್ತಾರೆ. ಉರುಳುವ ಎಳೆತ ಶೇ. 10ರಷ್ಟು ಬದಲಾದರೆ ಪೆಟ್ರೋಲಿನಲ್ಲಿ ಶೇ. 1ರಿಂದ 2 ವ್ಯತ್ಯಾಸ ಅನ್ನುವುದು ಒಪ್ಪಿತವಾದ ಅಂದಾಜು.

ತೂಕದ ವಿಷಯದಲ್ಲಿ ಮಾತ್ರ ಎಲ್ಲರೂ ಸ್ವಲ್ಪ ಹೆಚ್ಚೇ ಹೆದರಿಸುತ್ತಾರೆ. ಒಂದೊಂದು ಚಕ್ರ 4 ಕೆ.ಜಿ. ಹೆಚ್ಚಾಯಿತು ಅನ್ನಿ, ನಾಲ್ಕಕ್ಕೆ 16 ಕೆ.ಜಿ. ಸುತ್ತುವ ವಸ್ತುವಾದ್ದರಿಂದ ವೇಗ ಹೆಚ್ಚಿಸುವಾಗ ಅದನ್ನು ಹೆಚ್ಚೆಂದರೆ ಎರಡು ಪಟ್ಟು ಎಣಿಸಬೇಕು, 32 ಕೆ.ಜಿ. ಹಿಂದಿನ ಸೀಟಿನಲ್ಲಿ ಒಂದು ಅಕ್ಕಿ ಮೂಟೆ ಇಟ್ಟಹಾಗೆ. ಸಿಲ್ಕ್ ಬೋರ್ಡಿನಂಥ ಕಡೆ ನಿಂತು ಹೊರಟು ನಿಂತು ಹೊರಟು ಹೋಗುವವರಿಗೆ ತಿಳಿಯುತ್ತದೆ, ಹೈವೇಯಲ್ಲಿ ಒಂದೇ ಸಮ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಅಗಲದ ಕಥೆ ಇದಕ್ಕೆ ವಿರುದ್ಧ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 80 ದಾಟಿದ ಮೇಲೆಯೇ ಬಿಲ್ ಕಳಿಸುವುದು.

ಅಮೆರಿಕದ ಕಾರ್ ಅಂಡ್ ಡ್ರೈವರ್ ಪತ್ರಿಕೆ 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 15ರಿಂದ 19 ಇಂಚಿನವರೆಗೆ ಬೇರೆ ಬೇರೆ ಚಕ್ರ ಹಾಕಿ ಓಡಿಸಿ ನೋಡಿತ್ತು. ಎರಡು ತುದಿಗಳ ನಡುವೆ ಮೈಲೇಜ್ ಸುಮಾರು ಶೇ. 10 ಬಿದ್ದಿತ್ತು. ನಾಲ್ಕು ಇಂಚಿಗೆ ಅಷ್ಟು. ನನ್ನ ಎರಡು ಇಂಚಿಗೆ ಶೇ. 7 ಬಿದ್ದದ್ದು ಸ್ವಲ್ಪ ಹೆಚ್ಚೇ, ಅದರಲ್ಲಿ ಹೊಸ ರಬ್ಬರಿನ ಪಾಲೂ ಇದ್ದೀತು.

ಇನ್ನು ನಾನು ಬಿಚ್ಚಿಸಿದ ಕಾರಣ. ಗೋಡೆ 132 ಮಿ.ಮೀ. ಇದ್ದದ್ದು 113ಕ್ಕೆ ಇಳಿಯಿತು. ಶಿರಾಡಿಯಲ್ಲಿ ಒಂದು ಗುಂಡಿಗೆ ಬಿದ್ದು ರಿಮ್ ಅಂಚು ಬಾಗಿತು, ಟೈರಿನ ಪಕ್ಕ ಬೋರೆ ಹಣ್ಣಿನಷ್ಟು ಉಬ್ಬಿತು. ಅದೊಂದು ದಿನದ ಖರ್ಚಿನ ಮುಂದೆ ಹತ್ತು ತಿಂಗಳ ಪೆಟ್ರೋಲ್ ಲೆಕ್ಕ ಏನೂ ಅಲ್ಲ. ತುಂಬಿದ ಕಾರಿನಲ್ಲಿ ಘಾಟಿ ಹತ್ತುವಾಗ ಎರಡನೇ ಗೇರಿಗೆ ಬೇಗ ಇಳಿಸಬೇಕಾಗುತ್ತಿತ್ತು ಕೂಡ. ಚಕ್ರ ಎತ್ತರವಾದರೆ ಗೇರೂ ಅಷ್ಟು ಉದ್ದವಾದಂತೆ, ಎಳೆಯುವ ಬಲ ಅಷ್ಟು ಕಡಿಮೆ, 1.2 ಲೀಟರಿನ ಎಂಜಿನ್ ಏನು ಮಾಡೀತು.

ನಿಮಗೆ ನನ್ನ ಸಲಹೆ: ಆಸೆ ಇದ್ದರೆ 15ಕ್ಕೆ ಹೋಗಿ, 185/65 ಆರ್15. ನಿಮ್ಮದೇ ಕಾರಿನ ಮೇಲಿನ ವೇರಿಯಂಟ್‌ಗೆ ಕಂಪನಿ ಹಾಕುವ ಅಳತೆ ಅದು, ಜೊತೆಗೆ 14 ಇಂಚಿನದಕ್ಕೂ 15 ಇಂಚಿನದಕ್ಕೂ ಕಂಪನಿ ಹೇಳುವ ಮೈಲೇಜ್ ಒಂದೇ. ಎತ್ತರ 621.5 ಮಿ.ಮೀ., ಹಳೆಯದಕ್ಕಿಂತ 2 ಮಿ.ಮೀ. ಮಾತ್ರ ಹೆಚ್ಚು, ಮೀಟರ್ ಸುಳ್ಳು ಹೇಳುವುದಿಲ್ಲ. ನಾನು ಈಗ ಅದರಲ್ಲೇ ಇದ್ದೇನೆ, 18.3ರ ಆಸುಪಾಸು ಬರುತ್ತಿದೆ. 16 ಇಂಚೇ ಬೇಕು ಅಂತ ಹಟವಿದ್ದರೆ 205/55 ಬಿಟ್ಟು 195/55 ಕೇಳಿ, ಅದು 621 ಮಿ.ಮೀ. ಬರುತ್ತದೆ. ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಸಂಖ್ಯೆ) ಹಳೆಯದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.

ಏನೇ ಹಾಕಿಸಿದರೂ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ, ಟೈರ್ ತಣ್ಣಗಿರುವಾಗ ಗಾಳಿ ಚೆಕ್ ಮಾಡಿಸಿ. ನಾಲ್ಕೂ ಟೈರಿನಲ್ಲಿ ಗಾಳಿಯ ಒತ್ತಡ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ ಅನ್ನುವುದು ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ. ಐದು ಪಿಎಸ್‌ಐ ಕಡಿಮೆ ಇಟ್ಟುಕೊಂಡು ಅಲಾಯ್ ಬಗ್ಗೆ ಚಿಂತೆ ಮಾಡುವವರನ್ನು ನೋಡಿದ್ದೇನೆ.

ಮತ್ತೆ ಸ್ಟೆಪ್ನಿ ಮಾರಬೇಡಿ. 15 ಇಂಚಿಗೆ ಹೋದ ಮೇಲೂ ಡಿಕ್ಕಿಯಲ್ಲಿರುವ ಹಳೇ 14 ಇಂಚಿನದು ಎತ್ತರದಲ್ಲಿ ಸರಿಹೋಗುತ್ತದೆ, ಪಂಕ್ಚರ್ ಆದ ದಿನ ಮನೆ ಮುಟ್ಟಿಸುತ್ತದೆ. ಅಲಾಯ್‌ಗೆ ಬೇರೆ ನಟ್ ಕೊಟ್ಟಿದ್ದರೆ ಹಳೇ ನಟ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ಸ್ಟೆಪ್ನಿ ಪಕ್ಕದಲ್ಲೇ ಇಡಿ.