‘ಕೆತ್ತಿದೆ’ ಎಂಬ ಒಂದು ಮಾತು

ನಮಸ್ಕಾರ.

ಲಕ್ಷದ್ವೀಪದ ಹವಳದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ನೀರಿನ ಬಣ್ಣದ ವರ್ಣನೆ ಚೆನ್ನಾಗಿದೆ. ಆದರೆ ಮೂರನೇ ಪ್ಯಾರಾ ನನ್ನನ್ನು ಬಿಡಲಿಲ್ಲ.

‘ಕಡಲು ಸಾವಿರಾರು ವರ್ಷ ಕೂತು ಹವಳವನ್ನು ಕೆತ್ತಿದೆ’ ಎಂದಿದ್ದೀರಿ. ಕೆತ್ತುವುದೆಂದರೆ ಇದ್ದ ಕಲ್ಲಿನಿಂದ ತೆಗೆಯುವುದು. ಇಲ್ಲಿ ಇಲ್ಲದ ಕಲ್ಲು ಹುಟ್ಟುತ್ತಿದೆ! ಹುಟ್ಟಿಸುತ್ತಿರುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಬಹುತೇಕ ಹವಳಗಳಲ್ಲಿ ಅದರ ಅಗಲ ಕೆಲವೇ ಮಿಲಿಮೀಟರ್. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ.

ಮುಂದಿನ ಸಾಲು: ‘ನೀರಿನ ಸುಣ್ಣ ಬಂದು ಪದರ ಪದರವಾಗಿ ಅಂಟಿಕೊಳ್ಳುತ್ತದೆ.’ ಸುಮ್ನೆ ಬಂದು ಅಂಟುವುದಿಲ್ಲ. ಪಾಲಿಪ್‌ನ ತಳಕ್ಕೂ ಕಲ್ಲಿಗೂ ನಡುವೆ ತೀರಾ ತೆಳ್ಳನೆಯ ದ್ರವ ಇರುತ್ತದೆ. ಪಾಲಿಪ್ ಅದರೊಳಕ್ಕೆ ಕ್ಯಾಲ್ಸಿಯಂ ತಳ್ಳುತ್ತದೆ, ಆಮ್ಲದ ಅಂಶವನ್ನು ಹೊರಗೆ ಹಾಕುತ್ತದೆ. ಆಗ ಸುಣ್ಣ ಅರಗೊನೈಟ್ ಎಂಬ ಹರಳಾಗುತ್ತದೆ. ಈ ಕೆಲಸಕ್ಕೆ ಬೇಕಾದ ಶಕ್ತಿಯಲ್ಲಿ ದೊಡ್ಡ ಪಾಲು ಅದರ ಮೈಯೊಳಗೇ ಇರುವ ಪಾಚಿ ಬಿಸಿಲಿನಲ್ಲಿ ಮಾಡಿದ ಆಹಾರದಿಂದ ಬರುತ್ತದೆ. ಹಾಗಾಗಿ ರಾತ್ರಿಗಿಂತ ಹಗಲಲ್ಲಿ ಕಲ್ಲು ಜಾಸ್ತಿ ಬೆಳೆಯುತ್ತದೆ. ತಾನು ಕೂತ ಗುಳಿ ಆಳವಾದಂತೆ ಪಾಲಿಪ್ ಮೇಲೆದ್ದು, ಕೆಳಗೆ ಹೊಸ ನೆಲ ಹಾಕಿಕೊಳ್ಳುತ್ತದೆ. ಇಷ್ಟು ದುಡಿಮೆಯನ್ನು ‘ಅಂಟಿಕೊಳ್ಳುತ್ತದೆ’ ಎಂಬ ಒಂದೇ ಪದ ನುಂಗಿಬಿಟ್ಟಿತು, ಅಲ್ವಾ?

ಕೆಲಸ ಕಲಿಯುವ ದಿನಗಳಲ್ಲಿ ನಾನೂ ಮಂಗಳೂರು ಹೆಂಚಿನ ಬಗ್ಗೆ ಹೀಗೇ ಬರೆದಿದ್ದೆ: ‘ಮಣ್ಣು ಬೆಂಕಿಯಲ್ಲಿ ಮಿಂದು ಹೆಂಚಾಗುತ್ತದೆ.’ ನಮ್ಮ ಹಿರಿಯ ಸಂಪಾದಕರು ಆ ಸಾಲಿಗೆ ಕೆಂಪು ಗೀಟು ಎಳೆದು, ‘ಮಣ್ಣು ಹದ ಮಾಡಿದವರು ಯಾರು? ಅಚ್ಚಿಗೆ ಒತ್ತಿದವರು ಯಾರು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನವೇ ಬಸ್ಸು ಹತ್ತಿ ಹೋಗಿ, ಹೆಂಚು ಒತ್ತುವವರ ಪಕ್ಕ ಮಧ್ಯಾಹ್ನದವರೆಗೆ ನಿಂತೆ. ಆ ಎರಡು ಪ್ರಶ್ನೆ ಇವತ್ತಿಗೂ ಪ್ರತಿ ಲೇಖನದ ಮುಂದೆ ಬಂದು ನಿಲ್ಲುತ್ತವೆ.

ನಿಮ್ಮ ಪ್ಯಾರಾದ ಕೊನೆಯ ಸಾಲು: ‘ಹವಳದ ಆಕಾರ ಪ್ರಕೃತಿಯ ಲೀಲೆ.’ ಲೀಲೆ ಎಂದ ಮೇಲೆ ಓದುಗ ಏನು ಕೇಳಬೇಕು? ಅಲೆ ಜೋರಾಗಿ ಬಡಿಯುವಲ್ಲಿ ಹವಳ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ನೀರು ಶಾಂತವಿದ್ದರೆ ತೆಳ್ಳನೆಯ ಕೊಂಬೆ ಚಾಚುತ್ತದೆ. ಬೆಳಕು ಕಡಿಮೆಯಿರುವ ಆಳದಲ್ಲಿ ತಟ್ಟೆಯಂತೆ ಹರಡಿಕೊಳ್ಳುತ್ತದೆ. ಒಂದೇ ಜಾತಿಯ ಹವಳವೂ ಜಾಗ ನೋಡಿ ರೂಪ ಬದಲಿಸುವುದುಂಟು. ಇದನ್ನು ಬರೆಯಿರಿ.

‘ಸಾವಿರಾರು ವರ್ಷ’ವನ್ನೂ ಬಿಡಿ. ಪೊರೈಟಿಸ್ ಎಂಬ ಗುಂಡು ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೀಳಿ ಎಕ್ಸ್‌ರೇ ತೆಗೆದರೆ ಮರದ ಉಂಗುರದಂತೆ ವರ್ಷವರ್ಷದ ಪಟ್ಟಿ ಕಾಣುತ್ತದೆ. ಆಳೆತ್ತರದ ಒಂದು ಗುಂಡು ಹವಳಕ್ಕೆ ಎಷ್ಟು ವಯಸ್ಸಾಗಿರಬಹುದು, ಲೆಕ್ಕ ಹಾಕಿ.

ಮೂರನೇ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳಿಸಿ. ಮೊದಲ ಸಾಲಿನಲ್ಲೇ ಪಾಲಿಪ್ ಇರಲಿ.