ಅದೇ ದಿನ ಹಲ್ಲು: ನೋಡೋಕೆ ಸರಿ, ಕಚ್ಚೋಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಒಂದು ಹಲ್ಲಿನ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ದವಡೆ ಮೂಳೆಗೆ ಕೂರಿಸುವ ಸ್ಕ್ರೂ), ಅದರ ಮೇಲೆ ಅದೇ ದಿನ ಹಲ್ಲು. ಹಾಗಾಗಿ ಹುಳುಕು, ಬಾಯಿ ವಾಸನೆ, ಹಲ್ಲು ಬೆಳ್ಳಗಾಗಿಸುವ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. ಬರೆದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಮೇಲಿನ ಸಾಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಎಡಗಡೆಯದಕ್ಕೆ ಕಾಲೇಜಿನಲ್ಲಿದ್ದಾಗಲೇ ರೂಟ್ ಕೆನಾಲ್ ಆಗಿತ್ತು. ಹೋದ ತಿಂಗಳು ಅದರ ಬೇರು ಸೀಳಿದೆ ಅಂತ ಗೊತ್ತಾಯಿತು. ಒಬ್ಬರು ಡಾಕ್ಟರು "ಹಲ್ಲು ಕಿತ್ತು, ಇಂಪ್ಲಾಂಟ್ ಕೂರಿಸಿ, ಸಂಜೆಯೊಳಗೆ ಹಲ್ಲು ಹಾಕಿ ಕಳಿಸ್ತೀನಿ" ಅಂದರು. ಇನ್ನೊಬ್ಬರು "ಮೊದಲು ಕಿತ್ತು ಬಿಡೋಣ, ಇಂಪ್ಲಾಂಟ್ ಆಮೇಲೆ" ಅಂದರು. ನಾನು ಶಿಕ್ಷಕಿ, ದಿನವಿಡೀ ಮಕ್ಕಳೆದುರು ಬಾಯಿ ತೆರೆಯಲೇಬೇಕು. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ?

ಉತ್ತರ: ಯಾರೂ ಸುಳ್ಳು ಹೇಳ್ತಿಲ್ಲ ಮೇಡಂ. ಎರಡು ಬೇರೆ ಬೇರೆ ಕೆಲಸಗಳು ಒಂದೇ ವಾಕ್ಯದಲ್ಲಿ ಸೇರಿಕೊಂಡು ನಿಮಗೆ ಗೊಂದಲ ಆಗಿದೆ. ಹಲ್ಲು ಕಿತ್ತ ಗುಳಿಯಲ್ಲಿ ಆಗಲೇ ಇಂಪ್ಲಾಂಟ್ ಕೂರಿಸುವುದು ಒಂದು ಕೆಲಸ. ಕೂರಿಸಿದ ಇಂಪ್ಲಾಂಟ್ ಮೇಲೆ ಒಂದು ವಾರದೊಳಗೆ ಹಲ್ಲು ಹಾಕುವುದು ಇನ್ನೊಂದು. ನಾವು ಇಮಿಡಿಯೆಟ್ ಲೋಡಿಂಗ್ ಅನ್ನುವುದು ಈ ಎರಡನೆಯದನ್ನು. ಮೊದಲನೆಯದು ಮಾಡಿ ಎರಡನೆಯದು ಬಿಡಬಹುದು. ಹಲ್ಲು ಕಿತ್ತು ವರ್ಷವಾದ ಜಾಗದಲ್ಲಿ ಎರಡನೆಯದನ್ನು ಮಾತ್ರ ಮಾಡಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ಕೈತಪ್ಪುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಿಮ್ಮ ಮೊದಲ ಡಾಕ್ಟರು ಹೇಳ್ತಿರುವುದು ಎರಡನ್ನೂ ಒಟ್ಟಿಗೆ.

ಹಾಗಂತ ಅದು ಹುಚ್ಚು ಸಾಹಸವೇನಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಸಲ ಮನುಷ್ಯರ ದವಡೆಗೆ ಟೈಟಾನಿಯಂ ಸ್ಕ್ರೂ ಕೂರಿಸಿದರು. ಅವರು ಹಾಕಿಕೊಟ್ಟ ಪದ್ಧತಿಯಲ್ಲಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಇಂಪ್ಲಾಂಟನ್ನು ವಸಡಿನೊಳಗೆ ಮುಚ್ಚಿಡಬೇಕಿತ್ತು. ಆಗಿನ ಇಂಪ್ಲಾಂಟಿನ ಮೈ ನುಣುಪಾಗಿರುತ್ತಿತ್ತು. ಈಗಿನವುಗಳನ್ನು ಮರಳಿನಂಥ ಕಣಗಳಿಂದ ಉಜ್ಜಿ, ಆಸಿಡ್‌ನಲ್ಲಿ ಅದ್ದಿ ತರಿತರಿ ಮಾಡಿರುತ್ತಾರೆ. ಮೂಳೆ ಬೇಗ ಹಿಡಿಯುತ್ತದೆ. ಅದಕ್ಕೇ ಕಾಯುವ ಕಾಲ ಇಳಿದಿದೆ. ಇಳಿದಿದೆ ಅಷ್ಟೇ, ಇಲ್ಲವಾಗಿಲ್ಲ.

ಸಂಜೆಗೆ ಸಿಗುವ ಹಲ್ಲು ಹೇಗೆ ನಿಂತಿರುತ್ತದೆ? ಮರಕ್ಕೆ ಸ್ಕ್ರೂ ಹೊಡೆದಂತೆ, ಬರೀ ಬಿಗಿತದ ಮೇಲೆ. ಇಂಪ್ಲಾಂಟ್ ತಿರುಗಿಸುವಾಗ ನಮ್ಮ ಕೈಯಲ್ಲಿ ಟಾರ್ಕ್ ರೆಂಚ್ ಅಂತ, ಟಾರ್ಕ್ ಅಂದರೆ ತಿರುಗಿಸುವ ಬಲ ಅಳೆಯುವ ಒಂದು ಪುಟ್ಟ ಸಲಕರಣೆ ಇರುತ್ತದೆ. ಅದರ ಬದಿಯಲ್ಲಿ ಗೆರೆಗಳಿವೆ. ತಿರುವುತ್ತ ಹೋದ ಹಾಗೆ ಕಡ್ಡಿ ಬಾಗಿ 15, 20, 30 ಅಂತ ದಾಟುತ್ತದೆ. 35 ನ್ಯೂಟನ್ ಸೆಂಟಿಮೀಟರ್ ಹತ್ತಿರ ಬಂದು ಇಂಪ್ಲಾಂಟ್ ಗಟ್ಟಿಯಾಗಿ ನಿಂತರೆ ಅದೇ ದಿನ ಹಲ್ಲು ಹಾಕುವ ಮಾತು. 15ಕ್ಕೇ ಸಲೀಸಾಗಿ ತಿರುಗುತ್ತಾ ಇದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ಅಂದರೆ ಸಂಜೆ ಹಲ್ಲು ಸಿಗುತ್ತೋ ಇಲ್ಲವೋ ಅನ್ನುವುದು ಕುರ್ಚಿಯ ಮೇಲೆ ಮಲಗಿದ ಮೇಲೆ ಗೊತ್ತಾಗುವ ಸಂಗತಿ. ಹಿಂದಿನ ದಿನವೇ "ಕೊಟ್ಟೇ ಕೊಡ್ತೀನಿ" ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಹಾಗಾಗಿ ನಿಮ್ಮ ಮೊದಲ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ಟಾರ್ಕ್ ಬರದಿದ್ದರೆ ನನಗೆ ಏನು ಹಾಕಿ ಕಳಿಸ್ತೀರಿ?" ಉತ್ತರ ರೆಡಿ ಇರಬೇಕು. ಪಕ್ಕದ ಹಲ್ಲುಗಳಿಗೆ ಹಿಂದಿನಿಂದ ಅಂಟಿಸುವ ತಾತ್ಕಾಲಿಕ ಹಲ್ಲು, ಅಥವಾ ಪಾರದರ್ಶಕ ಟ್ರೇ ಒಳಗೆ ಒಂದು ಹಲ್ಲು ಕೂರಿಸಿ ಕೊಡುವುದು, ಯಾವುದಾದರೂ ಸರಿ. ಎದುರು ಕೂತ ಮಕ್ಕಳಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇಷ್ಟು ತಯಾರಿ ಇದ್ದರೆ, ಬಿಗಿತ ಕಡಿಮೆ ಬಂದಾಗ ಅವರೂ ಧೈರ್ಯವಾಗಿ "ಇವತ್ತು ಬೇಡ" ಅನ್ನಬಹುದು. ತಯಾರಿ ಇಲ್ಲದಿದ್ದರೆ ಬೋಳು ಬಾಯಲ್ಲಿ ಕಳಿಸೋದು ಹೇಗೆ ಅಂತ ಮನಸ್ಸು ಒಪ್ಪದೆ ಹಾಕಿಬಿಡುತ್ತಾರೆ. ಇದು ನನಗೆ ಹೇಗೆ ಗೊತ್ತು ಅಂತ ಮುಂದಿನ ಉತ್ತರದಲ್ಲಿ ಹೇಳ್ತೀನಿ.

ಇನ್ನು ನಿಮ್ಮ ಎರಡನೇ ಡಾಕ್ಟರು ಯಾಕೆ ಹಿಂಜರಿದರು? ನನ್ನ ಊಹೆ, ಬೇರಿನ ಸೀಳಿನಿಂದ. ಮುಂದಿನ ಹಲ್ಲಿನ ಬೇರಿನ ಹೊರಗಡೆ, ತುಟಿಯ ಕಡೆಗೆ ಇರುವ ಮೂಳೆ ತುಂಬ ತೆಳು. ಬಹಳ ಜನರಲ್ಲಿ 1 ಮಿಲಿಮೀಟರ್ ಕೂಡ ಇರುವುದಿಲ್ಲ. ಬೇರು ಉದ್ದಕ್ಕೆ ಸೀಳಿ, ಸೋಂಕು ಅಲ್ಲೇ ಕೂತಿದ್ದರೆ ಆ ಮೂಳೆ ಕರಗಿರುವುದೇ ಜಾಸ್ತಿ. ಅದಿಲ್ಲದೆ ಇಂಪ್ಲಾಂಟ್ ಕೂರಿಸಿದರೆ ವರ್ಷ ಕಳೆಯುವುದರೊಳಗೆ ವಸಡು ಮೇಲೆ ಸರಿದು ಆ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣಬಹುದು. ಸಿಬಿಸಿಟಿ ಸ್ಕ್ಯಾನ್ (ದವಡೆ ಮೂಳೆಯನ್ನು ಎಲ್ಲ ಕಡೆಯಿಂದ ತೋರಿಸುವ 3ಡಿ ಎಕ್ಸ್-ರೇ) ಮಾಡಿಸಿ, ಹೊರಗಿನ ಮೂಳೆಯ ಗೋಡೆ ಇದೆಯಾ ಅಂತ ಇಬ್ಬರಿಗೂ ತೋರಿಸಿ. ಗೋಡೆ ಇಡಿಯಾಗಿದ್ದರೆ ಮೊದಲನೆಯವರ ದಾರಿ ನೋಡಬಹುದು. ಇಲ್ಲವಾದರೆ ಎರಡನೆಯವರ ಮಾತು ಕೇಳಿ. ನಿಮ್ಮ ಪತ್ರ ಓದಿದರೆ ನನ್ನ ಮನಸ್ಸು ಎರಡನೆಯವರ ಕಡೆಗೇ ವಾಲುತ್ತದೆ.

ಒಂದು ವೇಳೆ ಅದೇ ದಿನ ಹಲ್ಲು ಹಾಕಿದರು ಅಂತಿಟ್ಟುಕೊಳ್ಳಿ. ಎದ್ದು ಬರುವ ಮುಂಚೆ ನೀಲಿ ಅಥವಾ ಕೆಂಪು ಬಣ್ಣದ ತೆಳು ಕಾಗದ ಕಚ್ಚಿಸುತ್ತಾರೆ. ಕಚ್ಚಿದಾಗ, ಕೆಳದವಡೆ ಎಡಕ್ಕೆ ಬಲಕ್ಕೆ ಮುಂದಕ್ಕೆ ಜಾರಿಸಿದಾಗ, ಆ ಹಲ್ಲಿನ ಮೇಲೆ ಒಂದು ಚುಕ್ಕೆ ಬಣ್ಣವೂ ಹತ್ತಬಾರದು. ಹತ್ತಿದರೆ ಅಲ್ಲಿ ಇನ್ನೂ ಉಜ್ಜಬೇಕು. ಬೇರೆ ಹಲ್ಲಿಗೆ ಕ್ಯಾಪ್ ಹಾಕಿದಾಗ "ಸರಿಯಾಗಿ ಕಚ್ತಾ ಇದೆಯಾ" ಅಂತ ಕೇಳ್ತೀವಿ, ಇಲ್ಲಿ "ಕಚ್ತಾ ಇಲ್ಲ ಅಲ್ವಾ" ಅಂತ ಕೇಳ್ಬೇಕು. ಕನ್ನಡಿ ಕೇಳಿ ನೀವೇ ನೋಡಿ. ಇದು ಮಾತಾಡೋಕೆ, ನಗೋಕೆ ಇರುವ ಹಲ್ಲು. ಇದರಿಂದ ಕಚ್ಚಿ ಹರಿಯುವ ಹಾಗಿಲ್ಲ. 'ಫ' ಅಕ್ಷರ ಮೊದಲ ಎರಡು ದಿನ ಸ್ವಲ್ಪ ಊದಿದಂತೆ ಬರಬಹುದು, ಆಮೇಲೆ ಸರಿ ಹೋಗುತ್ತೆ.

ಪ್ರಶ್ನೆ: ನನಗೆ ಮೇಲಿನ ಹಲ್ಲೊಂದಕ್ಕೆ ಇಂಪ್ಲಾಂಟ್ ಹಾಕಿ ಅದೇ ದಿನ ತಾತ್ಕಾಲಿಕ ಹಲ್ಲು ಕೊಟ್ಟರು. ಇವತ್ತಿಗೆ 19 ದಿನ. ನೋವು ಒಂಚೂರೂ ಇಲ್ಲ. ಆದರೆ ನಾಲಿಗೆಯಲ್ಲಿ ತಳ್ಳಿದರೆ ಹಲ್ಲು ಸ್ವಲ್ಪ ಅಲುಗಿದ ಹಾಗೆ ಅನಿಸುತ್ತೆ. ಫೋನ್ ಮಾಡಿದರೆ "ನೋವಿಲ್ಲ ಅಂದ್ರೆ ಏನೂ ಆಗಿಲ್ಲ, ಮುಂದಿನ ವಾರ ಬನ್ನಿ" ಅಂದರು. ಕಾಯಲೇ?

ಉತ್ತರ: ಕಾಯಬೇಡಿ. ನಾಳೆ ಬೆಳಿಗ್ಗೆಯೇ ಹೋಗಿ ಕೂತುಬಿಡಿ. ಅಲ್ಲಿಯವರೆಗೆ ನಾಲಿಗೆಗೆ ರಜೆ ಕೊಡಿ, ತಳ್ಳಿ ತಳ್ಳಿ ನೋಡೋದು ಬಿಡಿ. ಕಷ್ಟ ಅಂತ ಗೊತ್ತು.

ಅಲುಗುತ್ತಿರುವುದು ಎರಡರಲ್ಲಿ ಒಂದು. ಮೇಲಿನ ಹಲ್ಲನ್ನು ಇಂಪ್ಲಾಂಟಿಗೆ ಜೋಡಿಸಿದ ಸಣ್ಣ ಸ್ಕ್ರೂ ಸಡಿಲ ಆಗಿರಬಹುದು. ಹಾಗಿದ್ದರೆ ಅದೃಷ್ಟ, ಹುಷಾರಾಗಿ ಬಿಗಿ ಮಾಡಿದರೆ ಆಯಿತು. ಅಥವಾ ಇಂಪ್ಲಾಂಟೇ ಅಲುಗುತ್ತಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಅನಿಸುತ್ತವೆ. ಹಲ್ಲು ಬಿಚ್ಚಿ ನೋಡದೆ ಯಾರಿಗೂ ಗೊತ್ತಾಗುವುದಿಲ್ಲ, ಫೋನಿನಲ್ಲಂತೂ ಖಂಡಿತ ಇಲ್ಲ.

ನೋವಿಲ್ಲ ಅನ್ನುವುದಕ್ಕೆ ಇಲ್ಲಿ ಬೆಲೆ ಇಲ್ಲ. ನಿಮ್ಮ ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ಒಂದು ತೆಳು ಪದರ ಇದೆ. ಒತ್ತಡ ಜಾಸ್ತಿಯಾದರೆ ಅದು ತಕ್ಷಣ ಸುದ್ದಿ ಮುಟ್ಟಿಸುತ್ತದೆ. ಇಂಪ್ಲಾಂಟಿಗೆ ಅದಿಲ್ಲ. ಜಾಸ್ತಿ ಭಾರ ಬಿದ್ದರೂ ಬಾಯಿ ಸುಮ್ನೆ ಇರುತ್ತೆ.

ಈ ಎರಡನೇ, ಮೂರನೇ, ನಾಲ್ಕನೇ ವಾರವೇ ಎಲ್ಲಕ್ಕಿಂತ ನಾಜೂಕಿನ ಹೊತ್ತು. ಹಾಕಿದ ದಿನ ಇದ್ದ ಬಿಗಿತ ಕೊನೆತನಕ ಹಾಗೇ ಇರುವುದಿಲ್ಲ. ಡ್ರಿಲ್ ಮಾಡಿ ಸ್ಕ್ರೂ ಬಿಗಿದಾಗ ಸುತ್ತಲ ಮೂಳೆ ಜಜ್ಜಿರುತ್ತದೆ. ಮೈ ಅದನ್ನು ತೆಗೆದುಹಾಕಿ ಹೊಸ ಮೂಳೆ ಕಟ್ಟುತ್ತದೆ. ಈ ವಾರಗಳಲ್ಲಿ ಹಳೆಯ ಹಿಡಿತ ಸಡಿಲ ಆಗಿರುತ್ತೆ, ಹೊಸ ಹಿಡಿತ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆಗ ಇಂಪ್ಲಾಂಟ್ ಪದೇ ಪದೇ 150 ಮೈಕ್ರಾನ್‌ಗಿಂತ ಜಾಸ್ತಿ ಅಲುಗಿದರೆ, ಅಂದರೆ ಸುಮಾರು ಎರಡು ತಲೆಗೂದಲಿನ ದಪ್ಪದಷ್ಟು, ಸುತ್ತ ಮೂಳೆ ಕಟ್ಟುವ ಬದಲು ಮೆತ್ತಗಿನ ನಾರು ಬೆಳೆಯುತ್ತದೆ. ನಾರು ಬೆಳೆದ ಇಂಪ್ಲಾಂಟ್ ಆಮೇಲೆ ಗಟ್ಟಿ ಆಗುವುದಿಲ್ಲ. ತಮಾಷೆ ಅಂದರೆ, ಊತ ಇಳಿದು, ಹೊಲಿಗೆ ಬಿಚ್ಚಿ, "ಎಲ್ಲ ಸರಿಹೋಯ್ತು" ಅಂತ ಜನ ಆ ಹಲ್ಲಲ್ಲಿ ಕಚ್ಚೋಕೆ ಶುರು ಮಾಡುವುದೂ ಇದೇ ವಾರಗಳಲ್ಲಿ.

ನಾನೂ ಒಂದು ಸಲ ಕಲಿತಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿ ಹೆಚ್ಚು ದಿನ ಆಗಿರಲಿಲ್ಲ. ಮುಂದಿನ ಹಲ್ಲು, ಹಲ್ಲಿಲ್ಲದೆ ಹೊರಗೆ ಹೋಗಲ್ಲ ಅಂತ ಹಟ ಹಿಡಿದ ಪೇಷಂಟ್. ರೆಂಚ್ 20ರ ಗೆರೆ ದಾಟಲಿಲ್ಲ. ಬದಲಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ರೆಡಿ ಇರಲಿಲ್ಲ. ಹಾಕಿಬಿಟ್ಟೆ. ಅವರ ಕೋರೆಹಲ್ಲುಗಳ ತುದಿ ಸವೆದು ಚಪ್ಪಟೆ ಆಗಿದ್ದನ್ನೂ ನೋಡಿದ್ದೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರ ಗುರುತು ಅದು. ಕಂಡೂ ಕಾಣದ ಹಾಗಿದ್ದೆ. ನಾಲ್ಕನೇ ವಾರ ಬಂದರು, ನೋವಿಲ್ಲ, ರಕ್ತ ಇಲ್ಲ. ಹಲ್ಲು ಬಿಚ್ಚೋಣ ಅಂತ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಸ್ಕ್ರೂ ಬಿಚ್ಚಲಿಲ್ಲ. ಹಲ್ಲು, ಇಂಪ್ಲಾಂಟ್ ಎರಡೂ ಒಟ್ಟಿಗೆ ತಿರುಗಿದವು. ಕೊನೆಗೆ ಎರಡು ಬೆರಳಲ್ಲೇ ಹೊರಗೆ ಬಂತು. ಕೇಸ್ ಶೀಟ್ ತೆಗೆದು ನೋಡಿದರೆ '20' ಅಂತ ನನ್ನದೇ ಅಕ್ಷರ. ಮೂರು ತಿಂಗಳು ಬಿಟ್ಟು ಬೇರೆ ಇಂಪ್ಲಾಂಟ್ ಹಾಕಿದೆ, ಈ ಸಲ ಅವಸರ ಮಾಡಲಿಲ್ಲ. ಅದು ನಿಂತಿದೆ. ಆ ಪೇಷಂಟ್ ಈಗಲೂ ನನ್ನ ಹತ್ತಿರವೇ ಬರುತ್ತಾರೆ, ಅದು ಅವರ ದೊಡ್ಡತನ.

ಹಾಗಾಗಿ ನಿಮ್ಮದು ಹೋಗಿದ್ದರೂ ಕಥೆ ಮುಗಿದಂತಲ್ಲ. ಬೇಗ ತೆಗೆದರೆ ಮೂಳೆ ಉಳಿಯುತ್ತದೆ. ಅಲುಗುವುದನ್ನು ಹಾಗೇ ಇಟ್ಟುಕೊಂಡರೆ ಸುತ್ತಲ ಮೂಳೆಯನ್ನೂ ಕಳೆದುಕೊಳ್ಳುತ್ತೀರಿ.

ಪ್ರಶ್ನೆ: ಕೆಳಗಿನ ದವಡೆಯ ಕೊನೆಯ ಕಡೆ ಒಂದು ಹಲ್ಲು ಇಲ್ಲ, ತೆಗೆಸಿ ಎರಡು ವರ್ಷ. ನನಗೂ ಅದೇ ದಿನ ಹಲ್ಲು ಹಾಕಿಸಿಕೊಳ್ಳೋ ಆಸೆ.

ಉತ್ತರ: ಎರಡು ವರ್ಷ ಕಾದವರಿಗೆ ಇನ್ನೆರಡು ತಿಂಗಳು ಯಾಕೆ ಭಾರ? ಅಲ್ಲಿ ಯಾರೂ ನೋಡಲ್ಲ. ಹಿಂದಿನ ಹಲ್ಲಿನ ಕೆಲಸವೇ ಅಗಿಯುವುದು, ಅಗಿಯುವ ಬಲ ಅಲ್ಲೇ ಜಾಸ್ತಿ. ಅಗಿಯಬಾರದು ಅಂತ ಹೇಳಿ ಅಗಿಯುವ ಹಲ್ಲು ಕೊಡುವುದರಲ್ಲಿ ಅರ್ಥ ಇಲ್ಲ. ಗಟ್ಟಿ ಮೂಳೆ ಇದ್ದರೆ ಮಾಡಬಹುದು, ಮಾಡುವವರೂ ಇದ್ದಾರೆ. ನಾನಾಗಿದ್ದರೆ ಮಾಡಿಸಿಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ಮಗಳಿಗೆ 14 ವರ್ಷ. ಆಟದಲ್ಲಿ ಬಿದ್ದು ಮುಂದಿನ ಹಲ್ಲು ಹೋಯಿತು, ಸಿಗಲೇ ಇಲ್ಲ. ಶಾಲೆಗೆ ಹೋಗಲು ನಾಚಿಕೊಳ್ಳುತ್ತಾಳೆ. ಇಂಪ್ಲಾಂಟ್ ಹಾಕಿ ಅದೇ ದಿನ ಹಲ್ಲು ಕೊಡಿಸಬಹುದಾ?

ಉತ್ತರ: ಈಗ ಇಂಪ್ಲಾಂಟೇ ಬೇಡಮ್ಮ. ದವಡೆ ಇನ್ನೂ ಬೆಳೆಯುತ್ತಿದೆ. ಅದರ ಜೊತೆ ಉಳಿದ ಹಲ್ಲುಗಳೆಲ್ಲ ಕೆಳಗಿಳಿದು ಬರುತ್ತವೆ, ಇಂಪ್ಲಾಂಟ್ ಮಾತ್ರ ಮೂಳೆಗೆ ಬೆಸೆದು ನಿಂತಲ್ಲೇ ನಿಲ್ಲುತ್ತದೆ. ಕೆಲವು ವರ್ಷ ಕಳೆದರೆ ಅದೊಂದು ಹಲ್ಲು ಮೇಲೆ ಸಿಕ್ಕಿಹಾಕಿಕೊಂಡಂತೆ ಗಿಡ್ಡ ಕಾಣುತ್ತದೆ. ಬೆಳವಣಿಗೆ ನಿಂತಿದೆ ಅಂತ ಖಚಿತ ಆಗುವವರೆಗೆ ಪಕ್ಕದ ಹಲ್ಲಿನ ಹಿಂಭಾಗಕ್ಕೆ ಅಂಟಿಸುವ ಬ್ರಿಜ್ ಸಾಕು. ಪಕ್ಕದ ಹಲ್ಲನ್ನು ಹೆಚ್ಚೇನೂ ಉಜ್ಜಬೇಕಿಲ್ಲ, ಅವಳು ಸೋಮವಾರ ಹೋಗಿ ಆ ವಾರವೇ ನಗಬಹುದು. ಮುಂದೆ ಯಾರ ಹಲ್ಲಾದರೂ ಹೀಗೆ ಬೇರು ಸಮೇತ ಬಿದ್ದರೆ, ಬೇರು ಮುಟ್ಟದೆ ಹಾಲಿನಲ್ಲಿ ಹಾಕಿಕೊಂಡು ತಕ್ಷಣ ಓಡಿ. ಕೆಲವೊಮ್ಮೆ ಅದನ್ನೇ ವಾಪಸ್ ಕೂರಿಸಬಹುದು.

ಪ್ರಶ್ನೆ: ನನಗೆ 68. ಶುಗರ್ ಇದೆ. ಬೀಡಿ ಬಿಟ್ಟಿಲ್ಲ. ಇಂಪ್ಲಾಂಟ್ ಆಗುತ್ತಾ?

ಉತ್ತರ: 68 ಅಡ್ಡಿಯಲ್ಲ. ಶುಗರ್ ಹತೋಟಿಯಲ್ಲಿದ್ದರೆ ಅದೂ ಅಡ್ಡಿಯಲ್ಲ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ತೆಗೆದುಕೊಂಡು ಹೋಗಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ತಾ ಇದ್ದರೆ ಅದನ್ನು ಮೊದಲೇ ಹೇಳಿ. ಬೀಡಿ ಅಡ್ಡಿ. ಬಿಡದೆ ಇದ್ದರೆ ಅದೇ ದಿನ ಹಲ್ಲಿನ ಮಾತು ನನ್ನ ಹತ್ತಿರ ಎತ್ತಬೇಡಿ ಸ್ವಾಮಿ.

ಪ್ರಶ್ನೆ: ಇಂಪ್ಲಾಂಟ್ ಇದ್ದರೆ ಎಂಆರ್‌ಐ ಮಾಡಿಸಬಹುದಾ? ಅಯಸ್ಕಾಂತ ಎಳೆಯಲ್ವಾ?

ಉತ್ತರ: ಟೈಟಾನಿಯಂ ಅಯಸ್ಕಾಂತಕ್ಕೆ ಕಬ್ಬಿಣದ ಹಾಗೆ ಅಂಟುವುದಿಲ್ಲ. ಎಂಆರ್‌ಐ ಮಾಡುವವರಿಗೆ ಮುಂಚೆ ಹೇಳಿ, ಬಾಯಿಯ ಸುತ್ತ ಚಿತ್ರ ಸ್ವಲ್ಪ ಮಸುಕಾಗಬಹುದು ಅಷ್ಟೇ. ನನ್ನ ಬಾಯಲ್ಲೂ ಒಂದು ಇಂಪ್ಲಾಂಟ್ ಇದೆ, ಮೇಲೆ ಬಲಗಡೆ. ಎಂಆರ್‌ಐ ಒಳಗೆ ಅರ್ಧ ಗಂಟೆ ಮಲಗಿ ಬಂದಿದ್ದೇನೆ, ಅದು ಇದ್ದಲ್ಲೇ ಇತ್ತು. ಅಂದ ಹಾಗೆ, ಅದಕ್ಕೆ ಹಲ್ಲು ಬಂದದ್ದು ಮೂರು ತಿಂಗಳ ಮೇಲೆ.