ಬಿಲ್ಲಿಗೆ ಸಹಿ ಹಾಕುವ ಮೊದಲು ವಾರ್ಡಿಗೆ ಬನ್ನಿ

ಕುಮಟಾ ಕಡೆಯ ಓದುಗರೊಬ್ಬರ ಪತ್ರ: "ಆಷಾಢದ ಮಳೆಯಲ್ಲಿ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೆ. ವೈದ್ಯರು, ಸಿಸ್ಟರ್‌ಗಳು ಚೆನ್ನಾಗಿಯೇ ನೋಡಿಕೊಂಡರು. ಆದರೆ ಹಾಸಿಗೆಯ ಚಾದರ ಹಸಿಹಸಿ, ಶೌಚಾಲಯ ಗಲೀಜು. ಸಿಸ್ಟರ್‌ಗೆ ಹೇಳಿದರೆ ಗುತ್ತಿಗೆ ಹಿಡಿದ ಏಜೆನ್ಸಿಗೆ ಹೇಳಿ ಅಂದರು. ಏಜೆನ್ಸಿಯವರು ಆಫೀಸಿಗೆ ಹೋಗಿ ಅಂದರು. ಇಂಗ್ಲೆಂಡಿನಲ್ಲಿ ಸೇವೆ ಕೊಳ್ಳುವವರನ್ನೂ ಕೊಡುವವರನ್ನೂ ಬೇರೆ ಮಾಡಿದ್ದಾರಂತೆ. ನಮ್ಮಲ್ಲೂ ಹಾಗೆ ಮಾಡಿದರೆ ಸರಿಹೋದೀತೇ? ಅಥವಾ ಅದು ಖಾಸಗೀಕರಣವೇ?"

ಸಂಪಾದಕರ ಉತ್ತರ:

ನಿಮ್ಮ ತಾಯಿ ಈಗ ಹುಷಾರಾಗಿದ್ದಾರೆ ಎಂದುಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇರೆ ಮಾಡಬೇಕು. ಆದರೆ ಕೊಳ್ಳುವವರು ವಾರ್ಡಿನ ಹತ್ತಿರ ಇರಬೇಕು. ಅವರು ದೂರದಲ್ಲಿ ಕೂತರೆ ಬೇರೆ ಮಾಡಿಯೂ ಪ್ರಯೋಜನ ಇಲ್ಲ.

ಆಸ್ಪತ್ರೆಗೆ ಏನು ಬೇಕು, ಎಷ್ಟು ಬೇಕು, ಹೇಗಿರಬೇಕು ಎಂದು ತೀರ್ಮಾನಿಸುವುದು, ದುಡ್ಡು ಕೊಡುವುದು, ಕೆಲಸ ಆಯಿತೋ ಇಲ್ಲವೋ ನೋಡುವುದು ಒಂದು ಜವಾಬ್ದಾರಿ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ರೋಗಿಗಳಿಗೆ ಊಟ ಕೊಡುವುದು, ಕಸ ಸಾಗಿಸುವುದು ಇನ್ನೊಂದು. ಎರಡೂ ಒಬ್ಬರ ಕೈಯಲ್ಲೇ ಇದ್ದರೆ, ಪರೀಕ್ಷೆ ಬರೆದವನೇ ತನಗೆ ಅಂಕ ಹಾಕಿಕೊಂಡ ಹಾಗೆ. ಹೊರಗುತ್ತಿಗೆ ಬಂದ ಮೇಲೆ ಎರಡನೆಯ ಕೆಲಸ ಏಜೆನ್ಸಿಗೆ ಹೋಯಿತು. ಮೊದಲನೆಯದನ್ನು ಮಾತ್ರ ಯಾರೂ ಸರಿಯಾಗಿ ಕೈಗೆತ್ತಿಕೊಳ್ಳಲಿಲ್ಲ. ಟೆಂಡರ್ ಒಂದು ಕಡೆ ಆಗುತ್ತದೆ, ಬಿಲ್ಲು ಇನ್ನೊಂದು ಕಡೆ ಪಾಸಾಗುತ್ತದೆ. ಗಲೀಜು ಕಣ್ಣಿಗೆ ಬೀಳುವುದು ಸಿಸ್ಟರ್‌ಗೆ, ಆದರೆ ಆ ಬಿಲ್ಲಿನ ಮೇಲೆ ಅವರಿಗೆ ಯಾವ ಅಧಿಕಾರವೂ ಇಲ್ಲ. ನಿಮ್ಮನ್ನು ಮೂರು ಕಡೆ ಅಲೆಸಿದ್ದು ಇದೇ.

ಇಂಗ್ಲೆಂಡಿನ ಕಥೆ ಅಷ್ಟು ಸರಳ ಅಲ್ಲ. ಅಲ್ಲಿ 1983ರಲ್ಲೇ ಆಸ್ಪತ್ರೆಯ ಸ್ವಚ್ಛತೆ, ಅಡುಗೆ, ಬಟ್ಟೆ ಒಗೆತವನ್ನು ಟೆಂಡರಿಗೆ ಹಾಕಿ ಎಂದು ಸರ್ಕಾರ ಹೇಳಿತು. 1990ರ ಕಾನೂನು ಬಂದು, 1991ರಿಂದ ಇಡೀ ಆರೋಗ್ಯ ಸೇವೆಯಲ್ಲೇ ಕೊಳ್ಳುವವರು, ಕೊಡುವವರು ಬೇರೆಯಾದರು. ಆಮೇಲೆ ಸ್ಕಾಟ್ಲೆಂಡ್ 2004ರಲ್ಲಿ, ವೇಲ್ಸ್ 2009ರಲ್ಲಿ ಈ ಪದ್ಧತಿ ಕೈಬಿಟ್ಟವು. ಇಂಗ್ಲೆಂಡ್ ಕೂಡ 2022ರ ಕಾನೂನಿನಲ್ಲಿ ಪೈಪೋಟಿ ಕಡಿಮೆ ಮಾಡಿ ಒಟ್ಟಿಗೆ ಕೆಲಸ ಮಾಡುವ ಕಡೆ ವಾಲಿತು. ಕರಾರು ಬರೆಯುವುದಕ್ಕೆ, ಚೌಕಾಸಿ ಮಾಡುವುದಕ್ಕೆ, ಲೆಕ್ಕ ಇಡುವುದಕ್ಕೇ ಜಾಸ್ತಿ ಜನ, ಜಾಸ್ತಿ ದುಡ್ಡು ಬೇಕಾಗುತ್ತದೆ ಎಂಬ ದೂರು ಅಲ್ಲಿ ಮೊದಲಿನಿಂದಲೂ ಇದೆ. ಅದನ್ನು ಹಾಗೇ ತಂದು ನಮ್ಮ ಜಿಲ್ಲೆಗೆ ಇಳಿಸುವುದು ಬೇಡ.

ನಮಗೆ ಹೆಚ್ಚು ಒಗ್ಗುವ ಮಾದರಿ ಪಕ್ಕದ ತಮಿಳುನಾಡಿನಲ್ಲಿದೆ. ಅಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳಲೆಂದೇ 1994ರಲ್ಲಿ ಬೇರೆ ನಿಗಮ ಮಾಡಿದರು. ಕೊಳ್ಳುವುದು ನಿಗಮ. ಯಾವ ಔಷಧ ಎಷ್ಟು ಬೇಕೆಂದು ಹೇಳುವುದು ಆಸ್ಪತ್ರೆ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಅದರಲ್ಲಿ ವರ್ಷದ ಮೊತ್ತ ಬರೆದಿರುತ್ತದೆ. ಜಿಲ್ಲೆಯ ಗೋದಾಮಿನಿಂದ ಔಷಧ ತಂದ ಹಾಗೆಲ್ಲ ಮೊತ್ತ ಕಡಿಮೆಯಾಗುತ್ತದೆ. ಪ್ರಯೋಗಾಲಯದಲ್ಲಿ ಪಾಸಾದ ಔಷಧ ಮಾತ್ರ ಆಸ್ಪತ್ರೆಗೆ ಹೋಗುತ್ತದೆ. ಕೊಳ್ಳುವವರು ಬೇರೆ, ಆದರೂ ಬೇಕು-ಬೇಡ ಹೇಳುವ ಹಕ್ಕು ಬಳಸುವವರ ಕೈಯಲ್ಲೇ ಉಳಿಯಿತು. ನನಗೆ ಮುಖ್ಯ ಅನಿಸುವುದು ಇದೇ.

ಈಗ ನಿಮ್ಮ ಹಸಿ ಚಾದರಕ್ಕೆ ಬರುತ್ತೇನೆ. ದೂರದ ಕಚೇರಿಯಲ್ಲಿ ಕೂತವರು ಕರಾರಿನಲ್ಲಿ "ಚಾದರ ದಿನವೂ ಒಗೆದು ಕೊಡಬೇಕು" ಎಂದು ಬರೆಯಬಹುದು. ಬಯಲುಸೀಮೆಗೆ ಅಷ್ಟು ಸಾಕು. ನಮ್ಮ ಕರಾವಳಿಗೆ ಸಾಲದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮನೆಗಳಲ್ಲೇ ಬಟ್ಟೆ ಒಣಗುವುದಿಲ್ಲ, ಅಲ್ವಾ? ಒಣಗಿಸುವ ಯಂತ್ರ ಇರಬೇಕು, ಕರೆಂಟ್ ಹೋದರೆ ಜನರೇಟರ್ ಇರಬೇಕು, ಮಳೆಗಾಲಕ್ಕೆ ಪ್ರತಿ ಹಾಸಿಗೆಗೂ ಹೆಚ್ಚುವರಿ ಚಾದರ ಇರಬೇಕು ಎಂದು ಕರಾರಿನಲ್ಲಿ ಇಲ್ಲದಿದ್ದರೆ ಏಜೆನ್ಸಿ ಅದನ್ನೆಲ್ಲ ಯಾಕೆ ಮಾಡುತ್ತದೆ? ಅದಕ್ಕೆ ದರ ಕೊಡದೆ ಕೇಳುವುದೂ ನ್ಯಾಯವಲ್ಲ. ಇದನ್ನು ಬರೆಸಬಲ್ಲವರು ವಾರ್ಡಿನಲ್ಲಿ ಮಳೆಗಾಲ ಕಳೆದ ಸಿಸ್ಟರ್‌ಗಳು. ಟೆಂಡರ್ ಬರೆಯುವಾಗ ಅವರನ್ನು ಕೂರಿಸಿಕೊಳ್ಳಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ.

ಆಸ್ಪತ್ರೆ ಕಸದ್ದೂ ಇದೇ ಮಾತು. 2016ರ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜಿನಂಥ ಹಳದಿ ಚೀಲದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟದ ಪಾಡೂ ನಮಗೆ ಗೊತ್ತು. ರಸ್ತೆ ಮುಚ್ಚಿದರೆ ಕಸದ ಗಾಡಿ ಯಾವ ದಾರಿಯಲ್ಲಿ ಬರಬೇಕು ಎಂಬುದು ಮಳೆ ಶುರುವಾಗುವ ಮೊದಲೇ ಕರಾರಿನಲ್ಲಿ ಇರಬೇಕು.

ಖಾಸಗೀಕರಣವೇ ಎಂದು ಕೇಳಿದಿರಿ. ಅಲ್ಲ, ಆಗಲೇಬೇಕೆಂದೂ ಇಲ್ಲ. ನಮ್ಮ ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೋಡಿ. ಆಯುಷ್ಮಾನ್ ಯೋಜನೆಯ ದುಡ್ಡನ್ನು ಅದು ಖಾಸಗಿ ಆಸ್ಪತ್ರೆಗಳಿಗೂ ಕೊಡುತ್ತದೆ, ಸರ್ಕಾರಿ ಆಸ್ಪತ್ರೆಗಳಿಗೂ ಕೊಡುತ್ತದೆ. ಹಾಗೆಯೇ ರೋಗಿಗಳ ಊಟವನ್ನು ಊರಿನ ಮಹಿಳಾ ಸ್ವಸಹಾಯ ಸಂಘ ಮಾಡಬಹುದು. ಸ್ವಚ್ಛತೆಯನ್ನು ಕಾಯಂ ನೌಕರರೇ ಮಾಡಬಹುದು. ಅವರ ಕೆಲಸವನ್ನು ಅಳೆಯುವವರು ಬೇರೆ ಇರಲಿ ಅನ್ನುವುದಷ್ಟೇ ನನ್ನ ಮಾತು. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಡಿಮೆ ದರಕ್ಕೆ ಟೆಂಡರ್ ಹಿಡಿದ ಏಜೆನ್ಸಿ ಕೊನೆಗೆ ಉಳಿಸುವುದು ಕಸ ಗುಡಿಸುವವರ ಸಂಬಳ, ಪಿಎಫ್, ಇಎಸ್ಐ ದುಡ್ಡಿನಲ್ಲಿ. ಏಜೆನ್ಸಿ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಸಂಬಳ ಜಮೆಯಾದ ದಾಖಲೆ ನೋಡದೆ ಯಾವ ಬಿಲ್ಲೂ ಪಾಸಾಗಬಾರದು. ಎರಡು ತಿಂಗಳಿಂದ ಸಂಬಳ ಕಾಣದವರನ್ನು ನೆಲ ಯಾಕೆ ಹೊಳೆಯುತ್ತಿಲ್ಲ ಎಂದು ಯಾವ ಬಾಯಲ್ಲಿ ಕೇಳುವುದು?

ನೀವು ಈಗಲೇ ಮಾಡಬಹುದಾದದ್ದು ಒಂದಿದೆ. ಆ ಆಸ್ಪತ್ರೆಯ ಸ್ವಚ್ಛತೆ ಮತ್ತು ಬಟ್ಟೆ ಒಗೆತದ ಕರಾರಿನ ನಕಲು ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಕೆಲಸ ಸರಿಯಿಲ್ಲದಿದ್ದರೆ ಬಿಲ್ಲಿನಲ್ಲಿ ಎಷ್ಟು ಕಡಿತ ಎಂಬ ಷರತ್ತು ಕರಾರಿನಲ್ಲಿ ಇದೆಯೇ, ಕೆಲಸ ಆಗಿದೆ ಎಂದು ದೃಢಪಡಿಸುವವರು ಯಾರು, ಈ ಎರಡನ್ನು ಮೊದಲು ನೋಡಿ. ಆಮೇಲೆ ಆ ಪ್ರತಿ ಹಿಡಿದು ಆಸ್ಪತ್ರೆಯ ಆಡಳಿತ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನು ಭೇಟಿ ಮಾಡಿ. ನಮಗೂ ಒಂದು ನಕಲು ಕಳಿಸಿ, ಪತ್ರಿಕೆಯಲ್ಲಿ ಪೂರ್ತಿ ಹಾಕುತ್ತೇವೆ.